ಬೆಳಕಿನಿಂದ ಇಲಿಯ ಜೈವಿಕ ಗಡಿಯಾರ ಎಷ್ಟು ಸರಿಯುತ್ತದೆ: ಅಳೆಯುವ ಕ್ರಮ

ಒಂದೇ ಬೆಳಕು ಪ್ರಾಣಿಯ ಜೈವಿಕ ಗಡಿಯಾರವನ್ನು ಒಂದು ಹೊತ್ತಿನಲ್ಲಿ ಹಿಂದಕ್ಕೂ ಇನ್ನೊಂದು ಹೊತ್ತಿನಲ್ಲಿ ಮುಂದಕ್ಕೂ ಸರಿಸುತ್ತದೆ. ಪ್ಯಾಟ್ರಿಷಿಯಾ ಡಿಕೋರ್ಸಿ 1960ರಲ್ಲಿ ಇದನ್ನು ಹಾರುವ ಅಳಿಲುಗಳಲ್ಲಿ ತೋರಿಸಿದರು. ಪ್ರಯೋಗಾಲಯದ ಚಿಕ್ಕ ಇಲಿಯಲ್ಲಿ (ಮೌಸ್) ಇದನ್ನು ಅಳೆಯಲು ಹೊರಡುವವರು ದೀಪದ ಪ್ರಖರತೆಗಿಂತ ಮೊದಲು ಇಲಿಯ ಹೊತ್ತನ್ನು ತಿಳಿಯಬೇಕು.

ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ದೊರೆತ ಮೇಲೆ ಪ್ರತಿ ಇಲಿಯನ್ನೂ ಓಟದ ಚಕ್ರವಿರುವ ಪ್ರತ್ಯೇಕ ಪಂಜರದಲ್ಲಿರಿಸಿ, ಚಕ್ರದ ಸುತ್ತುಗಳು ಕಂಪ್ಯೂಟರಿನಲ್ಲಿ ದಾಖಲಾಗುವಂತೆ ಮಾಡಿರಿ. ಎರಡು ವಾರ 12 ಗಂಟೆ ಬೆಳಕು, 12 ಗಂಟೆ ಕತ್ತಲೆ ಇರಲಿ. ಅನಂತರ ಪೂರ್ಣ ಕತ್ತಲೆ.

ಈ ಕತ್ತಲೆಯ ವಿಷಯದಲ್ಲಿ ಸಡಿಲಿಕೆ ಸಲ್ಲದು. ದೀಪವಾರಿಸಿ ಹತ್ತು ನಿಮಿಷ ಕೋಣೆಯೊಳಗೆ ನಿಂತು ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ನೋಡಿದರೆ, ಬಾಗಿಲಿನ ಸಂದು ಮತ್ತು ಯಂತ್ರಗಳ ಸೂಚಕ ದೀಪಗಳಿಂದ ಸೋರುವ ಬೆಳಕು ಕಾಣುತ್ತದೆ. ಅದೆಲ್ಲವನ್ನೂ ಕಪ್ಪು ಟೇಪಿನಿಂದ ಮುಚ್ಚಬೇಕು. ಆಹಾರ, ನೀರು ಸದಾ ಇರಲಿ, ಆದರೆ ಅವುಗಳನ್ನು ತುಂಬಲು ದಿನವೂ ಒಂದೇ ಹೊತ್ತಿಗೆ ಹೋಗಬಾರದು, ಏಕೆಂದರೆ ಆ ಸದ್ದೇ ಇಲಿಗೆ ಸಮಯಸೂಚನೆಯಾಗಬಲ್ಲದು. ಇಲಿಯ ಕಣ್ಣಿಗೆ ಅಷ್ಟಾಗಿ ಕಾಣದ ಮಂದವಾದ ಕೆಂಪು ಬೆಳಕಿನಲ್ಲಿ ಕೆಲಸ ಮುಗಿಸಿರಿ.

ಕತ್ತಲೆಯಲ್ಲಿ ಇಲಿಯ ದಿನ ಸಾಮಾನ್ಯವಾಗಿ 24 ಗಂಟೆಗಿಂತ ತುಸು ಚಿಕ್ಕದು. ಅದು 23.5 ಗಂಟೆಯಾಗಿದ್ದರೆ ಇಂದು ಸಂಜೆ 5ಕ್ಕೆ ಓಡಲಾರಂಭಿಸಿದ ಇಲಿ ಆರು ದಿನಗಳ ಬಳಿಕ ಮಧ್ಯಾಹ್ನ 2ಕ್ಕೇ ಓಡತೊಡಗುತ್ತದೆ. ಗೋಡೆಯ ಗಡಿಯಾರವನ್ನು ನಂಬಿದರೆ ಪ್ರಯೋಗ ಕೆಡುವುದು ಇಲ್ಲಿಯೇ. ಇಲಿಯ ಸ್ವಂತ ದಿನವನ್ನು 24 ಸಮಪಾಲು ಮಾಡಿ, ಒಂದೊಂದು ಪಾಲನ್ನೂ ಇಲಿಯ ಒಂದು ಗಂಟೆಯೆಂದಿಟ್ಟುಕೊಂಡು, ಓಟದ ಆರಂಭವನ್ನು ಇಲಿಯ 12ನೆಯ ಗಂಟೆ ಎಂದು ಎಣಿಸುವುದು ರೂಢಿ.

ಕನಿಷ್ಠ ಏಳು ದಿನಗಳ ಓಟದ ಆರಂಭಬಿಂದುಗಳನ್ನು ನಕ್ಷೆಯಲ್ಲಿ ಗುರುತಿಸಿ, ಅವುಗಳ ಮೂಲಕ ಗೆರೆಯೆಳೆದ ಮೇಲೆ 15 ನಿಮಿಷ ಬಿಳಿ ಬೆಳಕು ಕೊಡಿರಿ. 15ನೆಯ ಗಂಟೆಯ ಸುಮಾರಿಗೆ ಕೊಟ್ಟರೆ ಮರುದಿನದ ಓಟ ತಡವಾಗುತ್ತದೆ. 23ರ ಸುಮಾರಿಗೆ ಕೊಟ್ಟರೆ ಬೇಗನಾಗುತ್ತದೆ, ಆದರೆ ಇಲಿಯಲ್ಲಿ ಈ ಸರಿತ ಚಿಕ್ಕದು. 6ನೆಯ ಗಂಟೆಯಲ್ಲಿ ಹೆಚ್ಚೇನೂ ಆಗದು. ಅಕ್ಷಿಪಟಲದಲ್ಲಿ ಮೆಲನಾಪ್ಸಿನ್ ಎಂಬ ಬೆಳಕು ಗ್ರಹಿಸುವ ಪ್ರೋಟೀನ್ ಉಳ್ಳ ನರಕೋಶಗಳು ಬೆಳಕಿನ ಸುದ್ದಿಯನ್ನು ಮಿದುಳಿನಲ್ಲಿ ಜೈವಿಕ ಗಡಿಯಾರದ ಕೇಂದ್ರವಾದ ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್‌ಗೆ ಸದಾ ಮುಟ್ಟಿಸುತ್ತಿದ್ದರೂ, ಆ ಸುದ್ದಿಯಿಂದ ಗಡಿಯಾರ ಸರಿಯಬೇಕೇ, ಎತ್ತ ಸರಿಯಬೇಕು ಎಂಬುದು ಆ ಕೇಂದ್ರದ ಸ್ವಂತ ಹೊತ್ತನ್ನು ಅವಲಂಬಿಸಿದೆ.

ಫಲಿತಾಂಶವನ್ನು ಮರುದಿನವೇ ಬರೆದುಕೊಳ್ಳಬೇಡಿರಿ. ಮುಂದಕ್ಕೆ ಸರಿಯುವ ಗಡಿಯಾರ ನೆಲೆಗೊಳ್ಳಲು ಹಲವು ದಿನ ಹಿಡಿಯುತ್ತದೆ. ಆ ದಿನಗಳನ್ನು ಬಿಟ್ಟು ಎರಡನೆಯ ಗೆರೆಯೆಳೆದು, ಎರಡೂ ಗೆರೆಗಳನ್ನು ಬೆಳಕು ಕೊಟ್ಟ ಮರುದಿನಕ್ಕೆ ಚಾಚಿದಾಗ ಅವುಗಳ ನಡುವೆ ಕಾಣುವ ಅಂತರವೇ ಸರಿತ. ಇನ್ನೊಂದು ಗುಂಪಿನ ಇಲಿಗಳನ್ನು ಅದೇ ಹೊತ್ತಿಗೆ ಅದೇ ರೀತಿ ಎತ್ತಿಟ್ಟು, ಬೆಳಕನ್ನು ಮಾತ್ರ ಕೊಡದೆ, ಅವುಗಳ ಸರಿತವನ್ನೂ ಹೀಗೆಯೇ ಅಳೆದು ಹೋಲಿಸಿರಿ.