ಹಳೆಯ ನಿಕ್ಕೋರ್ ಲೆನ್ಸಿನ ಎ.ಐ. ಪರಿವರ್ತನೆ: ಕಂಪನಿಯ ರಿಂಗ್ ಹುಡುಕಬೇಕೆ, ಹೊರಗಿನವರಿಂದ ಕೊರೆಸಬೇಕೆ?

ಹಾಸನ, ಚಿಕ್ಕಮಗಳೂರಿನ ಹಳೆಯ ಸ್ಟುಡಿಯೋಗಳ ಬೀರುಗಳಲ್ಲಿ, ತೋಟದ ಮನೆಗಳ ಪೆಟ್ಟಿಗೆಗಳಲ್ಲಿ 1960–70ರ ದಶಕದ, ನಿಕಾನ್ ಕಂಪನಿಯ ನಿಕ್ಕೋರ್ ಲೆನ್ಸುಗಳು ಈಗಲೂ ಒಮ್ಮೊಮ್ಮೆ ಕೈಗೆ ಸಿಗುತ್ತವೆ. ಬೇಲೂರಿನ ಮದನಿಕೆಯರನ್ನು ನೆಲದಲ್ಲಿ ನಿಂತೇ ಹತ್ತಿರಕ್ಕೆ ತಂದುಕೊಳ್ಳಲು 105 ಮಿ.ಮೀ. ಎಫ್/2.5 ಲೆನ್ಸು ಇಂದಿಗೂ ಸೊಗಸಾದ ಸಾಧನ. ಆದರೆ ಅದನ್ನು ಹಾಗೆಯೇ ಇಂದಿನ ಡಿಎಸ್‌ಎಲ್‌ಆರ್‌ಗೆ ತಿರುಗಿಸಿ ಕೂರಿಸಿದರೆ ಕ್ಯಾಮೆರಾಕ್ಕೇ ಪೆಟ್ಟಾಗುವ ಸಂಭವವಿದೆ.

ಕಾರಣ ಸರಳವಾಗಿದೆ. ನಿಕಾನ್ ತನ್ನ ಎಫ್ ಮೌಂಟನ್ನು, ಅಂದರೆ ಲೆನ್ಸು ಕ್ಯಾಮೆರಾಕ್ಕೆ ಕೂರುವ ಲೋಹದ ಬಳೆಯ ವಿನ್ಯಾಸವನ್ನು, 1959ರಲ್ಲಿ ತಂದಿತು. 1977ರಲ್ಲಿ ‘ಆಟೋಮ್ಯಾಟಿಕ್ ಮ್ಯಾಕ್ಸಿಮಮ್ ಅಪರ್ಚರ್ ಇಂಡೆಕ್ಸಿಂಗ್’, ಅಂದರೆ ಎ.ಐ. ಎಂಬ ವ್ಯವಸ್ಥೆಯನ್ನು ಅದಕ್ಕೆ ಸೇರಿಸಿತು. ಅಂದಿನಿಂದ ಲೆನ್ಸಿನ ಅಪರ್ಚರ್ (ಬೆಳಕು ಹಾಯುವ ತೆರಪು) ರಿಂಗಿನ ಹಿಂಬದಿಯ ಅಂಚಿನಲ್ಲಿ ಒಂದು ಮೆಟ್ಟಿಲು ಇರುತ್ತದೆ. ಆ ಮೆಟ್ಟಿಲು ಕ್ಯಾಮೆರಾ ಮೌಂಟಿನ ಸುತ್ತ ಇರುವ ಸಣ್ಣ ಕೊಕ್ಕೆಯನ್ನು ತಳ್ಳಿ, ಪೂರ್ಣ ತೆರೆದ ಸ್ಥಿತಿಯಿಂದ ಎಷ್ಟು ಸ್ಟಾಪ್ (ಹಂತ) ಇಳಿಸಲಾಗಿದೆ ಎಂಬುದನ್ನು ಬೆಳಕನ್ನಳೆಯುವ ಮೀಟರಿಗೆ ತಿಳಿಸುತ್ತದೆ. ಅದಕ್ಕಿಂತ ಹಿಂದಿನ ರಿಂಗುಗಳಲ್ಲಿ ಅಂಚು ಸುತ್ತಲೂ ಒಂದೇ ಎತ್ತರಕ್ಕಿರುವುದರಿಂದ ಅದು ಕೊಕ್ಕೆಯ ಮೇಲೆಯೇ ಒತ್ತಿ ಕೂರುತ್ತದೆ, ಬಲ ಹಾಕಿದರೆ ಕೊಕ್ಕೆ ಬಾಗುತ್ತದೆ ಅಥವಾ ಮುರಿಯುತ್ತದೆ. ಪರಿವರ್ತನೆ ಎಂದರೆ ಆ ಅಂಚನ್ನು ಸರಿಯಾದ ಜಾಗದಲ್ಲಿ ತಗ್ಗಿಸಿ ಮೆಟ್ಟಿಲು ಮಾಡುವುದು, ಇಲ್ಲವೇ ರಿಂಗನ್ನೇ ಬದಲಿಸುವುದು.

ಖರ್ಚಿಗೆ ಕೈ ಹಾಕುವ ಮೊದಲು ನಿಮ್ಮ ಬಳಿ ಯಾವ ಕ್ಯಾಮೆರಾ ಇದೆ ಎಂಬುದನ್ನು ನೋಡಿಕೊಳ್ಳಬೇಕು. ಡಿ3000 ಮತ್ತು ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಆ ಕೊಕ್ಕೆಯೇ ಇಲ್ಲದ ಕಾರಣ ಪರಿವರ್ತಿಸಿದ ಲೆನ್ಸನ್ನು ಹಾಕಿದರೂ ಮೀಟರ್ ಕೆಲಸ ಮಾಡುವುದಿಲ್ಲ. 2013ರ ನಿಕಾನ್ ಡಿಎಫ್‌ನಲ್ಲಿ ಕೊಕ್ಕೆಯನ್ನು ಮೇಲಕ್ಕೆ ಮಡಚಬಹುದಾದ್ದರಿಂದ ಅದಕ್ಕೆ ಹಳೆಯ ಲೆನ್ಸು ಇದ್ದಂತೆಯೇ ನಡೆಯುತ್ತದೆ. ಝಡ್ ಮೌಂಟಿನ ಮಿರರ್‌ಲೆಸ್ ಕ್ಯಾಮೆರಾ ಇರುವವರು ವಿದ್ಯುತ್ ಸಂಪರ್ಕವಿಲ್ಲದ ಸಾದಾ ಅಡಾಪ್ಟರ್ ಬಳಸಿದರೆ ಸಾಕು, ಲೆನ್ಸಿಗೆ ಕೈ ಹಚ್ಚುವ ಪ್ರಮೇಯವೇ ಇಲ್ಲ; ನಿಕಾನಿನದೇ ಎಫ್‌ಟಿಝಡ್ ಅಡಾಪ್ಟರಿಗೆ ಮಾತ್ರ ಪರಿವರ್ತಿಸದ ಲೆನ್ಸನ್ನು ಹಾಕಬೇಡಿ. ಹಾಗಾಗಿ ಈ ಪ್ರಶ್ನೆ ನಿಜವಾಗಿ ಉಳಿಯುವುದು ಡಿ7200, ಡಿ750, ಡಿ810, ಡಿ850ರಂಥ ಡಿಎಸ್‌ಎಲ್‌ಆರ್ ಉಳ್ಳವರಿಗೆ ಮತ್ತು ಎಫ್‌ಎಂ2ನಂಥ ಫಿಲಂ ಕ್ಯಾಮೆರಾ ಉಳ್ಳವರಿಗೆ.

ಕಂಪನಿಯ ಪರಿವರ್ತನೆಯಲ್ಲಿ ಹಳೆಯ ರಿಂಗನ್ನು ತೆಗೆದು, ಅದೇ ಮಾದರಿಯ ಲೆನ್ಸಿಗೆಂದು ತಯಾರಿಸಿದ ಹೊಸ ರಿಂಗನ್ನು ಹಾಕಲಾಗುತ್ತಿತ್ತು. ಆ ಸೇವೆ ನಿಂತು ಬಹಳ ಕಾಲವಾಗಿದೆ. ಇಂದು ಕಂಪನಿಯ ಪರಿವರ್ತನೆ ಬೇಕೆಂದರೆ ಒಂದೋ ಎಲ್ಲೋ ಉಳಿದ ಹಳೆಯ ದಾಸ್ತಾನಿನ ರಿಂಗನ್ನು ಹುಡುಕಬೇಕು, ಇಲ್ಲವೇ ಆಗಲೇ ಬದಲಿಸಿರುವ ಲೆನ್ಸನ್ನು ಕೊಳ್ಳಬೇಕು. ಅಂಥದ್ದನ್ನು ಗುರುತಿಸುವುದು ಕಷ್ಟವಲ್ಲ. ಲೆನ್ಸಿನ ಮುಂಭಾಗದಲ್ಲಿ ‘ನಿಕ್ಕೋರ್-ಪಿ’, ‘ನಿಕ್ಕೋರ್-ಎಚ್’ ಎಂದು ಹೆಸರಿನೊಂದಿಗೆ ಅಕ್ಷರವಿದ್ದರೆ (ಪಿ ಎಂದರೆ ಐದು ಗಾಜು, ಎಚ್ ಎಂದರೆ ಆರು) ಅದು 1977ಕ್ಕಿಂತ ಹಿಂದಿನದು. ಆದರೂ ಅದರ ರಿಂಗಿನ ಮೇಲೆ ದೊಡ್ಡ ಅಂಕಿಗಳ ಹಿಂದೆ, ಮೌಂಟಿನ ಕಡೆಗೆ, ಸಣ್ಣ ಅಂಕಿಗಳ ಎರಡನೆಯ ಸಾಲು ಇದ್ದು, ಕಿವಿಯಂತೆ ಎದ್ದಿರುವ ಲೋಹದ ಕವಲಿನಲ್ಲಿ ಬೆಳಕು ಹಾಯಲು ತೂತುಗಳಿದ್ದರೆ ಅದು ಕಂಪನಿಯ ರಿಂಗ್ ಎಂದು ನಂಬಬಹುದು. ಕೊರೆಸಿದ ರಿಂಗಿನಲ್ಲಿ ಒಂದೇ ಸಾಲು ಅಂಕಿ ಇದ್ದು, ಹಿಂಬದಿಯ ಅಂಚಿನಲ್ಲಿ ಬೆಳ್ಳಗಿನ ಲೋಹ ಅಥವಾ ಅದನ್ನು ಮುಚ್ಚಲು ಬಳಿದ ಕಪ್ಪು ಬಣ್ಣ ಕಾಣುತ್ತದೆ.

ಆ ಎರಡನೆಯ ಸಾಲು ಎಫ್‌ಎಂ2ನಂಥ ಫಿಲಂ ಕ್ಯಾಮೆರಾದ ವ್ಯೂಫೈಂಡರಿನಲ್ಲಿ ಪುಟ್ಟ ಕಿಂಡಿಯ ಮೂಲಕ ಅಪರ್ಚರ್ ಅಂಕಿಯನ್ನು ತೋರಿಸುವುದಕ್ಕಾಗಿ ಇದೆ. ಡಿಎಸ್‌ಎಲ್‌ಆರ್‌ಗೆ ಆ ಕಿಂಡಿಯಿಲ್ಲ, ಅದು ಅಂಕಿಯನ್ನು ತಾನೇ ಲೆಕ್ಕ ಹಾಕಿ ತೋರಿಸುತ್ತದೆ. ಆದ್ದರಿಂದ ಫಿಲಂ ಬಳಸುವವರು ಕಂಪನಿಯ ರಿಂಗಿಗಾಗಿ ಕಾಯುವುದರಲ್ಲಿ ಅರ್ಥವಿದೆ. ಡಿಎಸ್‌ಎಲ್‌ಆರ್‌ಗೆ ಮಾತ್ರ ಬಳಸುವವರು ಅದಕ್ಕೆ ಹೆಚ್ಚು ಹಣ ತೆರುವುದು ನನ್ನ ದೃಷ್ಟಿಯಲ್ಲಿ ದಂಡ. ಒಂದು ವಿನಾಯಿತಿಯುಂಟು: ಲೆನ್ಸು ಅಪರೂಪದ್ದಾಗಿದ್ದು ಸಂಗ್ರಾಹಕರ ಬೆಲೆ ಇದ್ದರೆ ಕೊರೆಸಬಾರದು, ಏಕೆಂದರೆ ಕೊರೆದ ಅಂಚು ಮತ್ತೆ ಬೆಳೆಯುವುದಿಲ್ಲ. ರಿಂಗ್ ಬದಲಿಸಿ ಹಳೆಯದನ್ನು ಎತ್ತಿಟ್ಟುಕೊಂಡರೆ ಎಂದಾದರೂ ಮರಳಿ ಹಾಕಬಹುದು.

ಹೊರಗಿನವರಿಂದ ಮಾಡಿಸುವುದಾದರೆ ಕೇಳಲೇಬೇಕಾದ ಪ್ರಶ್ನೆ, ಕೊರೆಯುವ ಮುನ್ನ ರಿಂಗನ್ನು ಲೆನ್ಸಿನಿಂದ ಬಿಚ್ಚುತ್ತೀರಾ ಎಂಬುದು. ಬಿಚ್ಚದೆ ಅರ ಹಾಕುವವರೂ ಇದ್ದಾರೆ. ಹಾಗೆ ಮಾಡಿದಾಗ ಅಲ್ಯುಮಿನಿಯಂ ಪುಡಿ ಒಳಗೆ ಸೇರಿ ಫೋಕಸ್ ತಿರುಪಿನ ಗ್ರೀಸಿನಲ್ಲಿ ಅಂಟಿಕೊಳ್ಳುತ್ತದೆ. ಮುಂದೆ ಫೋಕಸ್ ತಿರುಗಿಸಿದಾಗಲೆಲ್ಲ ಕಿರುಗುಟ್ಟುವ ಮರಳಿನ ಅನುಭವವಾಗುತ್ತದೆ. ಮೌಂಟಿನ ಹಿಂಬದಿಯ ಸ್ಕ್ರೂಗಳು ಜಪಾನಿ ಮಾದರಿಯವು, ಅಂಗಡಿಯ ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆದುಹೋಗುತ್ತದೆ. ಆದ್ದರಿಂದ ಅದಕ್ಕೆ ತಕ್ಕ ಸಾಧನ ಅವರಲ್ಲಿದೆಯೇ ಎಂದೂ ವಿಚಾರಿಸಿ. ಕೊರೆಯುವುದು ರಿಂಗಿನ ಅಂಚನ್ನು ಮಾತ್ರ; ಮೌಂಟಿನ ಲೋಹದ ಮುಖವನ್ನು ಯಾರೂ ಉಜ್ಜಕೂಡದು, ಏಕೆಂದರೆ ಅಲ್ಲಿಂದ ಸೆನ್ಸರಿಗೆ ಇರಬೇಕಾದ 46.5 ಮಿ.ಮೀ. ಅಂತರ ಕೆಟ್ಟರೆ ಅನಂತದ ಫೋಕಸ್ ತಪ್ಪುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಕಾಫಿ ಪಲ್ಪರಿನ ಭಾಗಗಳನ್ನು ನಾಜೂಕಾಗಿ ಮಾಡಿಕೊಡುವ ಲೇತ್ ಕೆಲಸಗಾರರಿದ್ದಾರೆ. ಅವರ ಕೈಗೆ ಬಿಚ್ಚಿದ ರಿಂಗನ್ನು ಗುರುತು ಹಾಕಿ ಕೊಡಬಹುದು, ಲೆನ್ಸನ್ನು ಕೊಡಬಾರದು. ಬಿಚ್ಚಿ ಜೋಡಿಸುವುದು ಲೆನ್ಸ್ ರಿಪೇರಿಯವರ ಕೆಲಸ. ಬೆಂಗಳೂರಿಗೆ ಕಳುಹಿಸುವುದಾದರೆ ಫಂಗಸ್ ಶುಚಿ ಮಾಡುವುದನ್ನೂ ಅದೇ ಸಲ ಹೇಳಿಬಿಡಿ, ಮಲೆನಾಡಿನ ಮಳೆ ಕಂಡ ಲೆನ್ಸಿಗೆ ಅದು ಹೇಗಿದ್ದರೂ ಬೇಕಾಗುತ್ತದೆ.

ಲೆನ್ಸು ಮರಳಿದ ದಿನವೇ ಪರೀಕ್ಷಿಸಿ. ಕ್ಯಾಮೆರಾ ಮೆನುವಿನ ‘ನಾನ್-ಸಿಪಿಯು ಲೆನ್ಸ್ ಡೇಟಾ’ದಲ್ಲಿ 105 ಮತ್ತು 2.5 ಎಂದು ನಮೂದಿಸಿ, ಒಂದೇ ಸಮನಾದ ಬೆಳಕು ಬಿದ್ದ ಸುಣ್ಣದ ಗೋಡೆಯ ಎದುರು ರಿಂಗನ್ನು 2.5ರಿಂದ 22ರವರೆಗೆ ಮೆಲ್ಲನೆ ತಿರುಗಿಸುತ್ತ, ಪ್ರತಿ ಕ್ಲಿಕ್ಕಿಗೂ ಪರದೆಯ ಅಂಕಿ ರಿಂಗಿನ ಅಂಕಿಗೆ ಹೊಂದುತ್ತದೆಯೇ ಎಂದು ನೋಡಿ. ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ವ್ಯತ್ಯಾಸವಿದ್ದರೆ ಮೆಟ್ಟಿಲು ಜಾಗ ತಪ್ಪಿದೆ ಎಂದರ್ಥ. ಮೆನುವಿನ ಅಂಕಿ ಬದಲಿಸಿ ಪರದೆಯನ್ನು ಸರಿಹೊಂದಿಸಿಕೊಳ್ಳಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಅದರಿಂದ ಪರದೆ ಸರಿಯಾದೀತೇ ಹೊರತು ಎಕ್ಸ್‌ಪೋಷರ್ ಸರಿಯಾಗದು. ಅದಕ್ಕೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ನೇ ಬೇಕು, ಅಥವಾ ಮೆಟ್ಟಿಲನ್ನು ತಿದ್ದಿಸಬೇಕು. ವ್ಯತ್ಯಾಸ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇದ್ದರೆ ರಿಂಗ್ ಸಡಿಲವಾಗಿ ಕೂತಿದೆ ಎಂದು ತಿಳಿದು, ಹಣ ಪೂರ್ತಿ ಚುಕ್ತಾ ಮಾಡುವ ಮೊದಲೇ ಹಿಂದಿರುಗಿಸಿ.