ಕರಾವಳಿಯ ಸೆಕೆಗೂ ಘಟ್ಟದ ಚಳಿಗೂ ಒಪ್ಪುವ ಸೂಟ್ ಆರಿಸುವುದು ಹೇಗೆ?

ಸೂಟ್ ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಬೆಲೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಈ ಕ್ರಮ ಕೈಕೊಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊತ್ತು ಮುಳುಗಿದ ಮೇಲೂ ಸೆಕೆ ಇಳಿಯುವುದಿಲ್ಲ. ವೇದಿಕೆಯ ದೀಪಗಳ ಕೆಳಗೆ ಎರಡು ಮೂರು ತಾಸು ನಿಂತು ಕೈಮುಗಿಯುವ ವರನಿಗೆ ಬೇಕಾದ್ದು ಗಾಳಿಯಾಡುವ ಬಟ್ಟೆ. ಹಾಗಾಗಿ ನಮ್ಮ ಕಡೆ ಮೊದಲು ಬಟ್ಟೆ ನೋಡಿ, ನಂತರ ಕೋಟಿನ ಒಳಗಟ್ಟು, ಆಮೇಲೆ ಭುಜದ ಅಳತೆ. ಬಣ್ಣ ಕಡೆಗಿರಲಿ.

ಬಟ್ಟೆ

ಅಗ್ಗದ ಸೂಟ್ ಪೀಸ್‌ಗಳು ಹೆಚ್ಚಾಗಿ ಪಾಲಿಯೆಸ್ಟರ್-ವಿಸ್ಕೋಸ್ ಮಿಶ್ರಣ. ಸುಕ್ಕು ಬೀಳುವುದು ಕಡಿಮೆ, ಆದರೆ ಬೆವರು ಒಳಗೇ ಉಳಿಯುತ್ತದೆ. ಇಸ್ತ್ರಿ ಸ್ವಲ್ಪ ಬಿಸಿಯಾದರೂ ಮೊಣಕೈ, ತೊಡೆಯ ಮೇಲೆ ಹೊಳಪು ಹೊಡೆಯುತ್ತದೆ, ಫೋಟೋದ ಬೆಳಕಿನಲ್ಲಿ ಆ ಹೊಳಪು ಇನ್ನೂ ಎದ್ದು ಕಾಣುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಟೆರಿವುಲ್, ಅಂದರೆ ಪಾಲಿಯೆಸ್ಟರ್ ಮತ್ತು ಉಣ್ಣೆಯ ಮಿಶ್ರಣ. ಇದರಲ್ಲಿ ಉಣ್ಣೆಯ ಪಾಲು ಅರ್ಧಕ್ಕಿಂತ ಹೆಚ್ಚಿದ್ದರೆ ಕರಾವಳಿಗೂ ನಡೆಯುತ್ತದೆ. ಉಣ್ಣೆ ಎಂದರೆ ಚಳಿಗೆ ಮಾತ್ರ ಎನ್ನುವ ನಂಬಿಕೆ ಬಿಡಿ. ಸಡಿಲವಾಗಿ ನೇಯ್ದ ತೆಳು ಉಣ್ಣೆ ಬಟ್ಟೆ ತೇವವನ್ನು ಹೀರಿ ಹೊರಗೆ ಬಿಡುತ್ತದೆ, ಒಂದು ರಾತ್ರಿ ಗಾಳಿಗೆ ತೂಗುಹಾಕಿದರೆ ಸುಕ್ಕೂ ಬಹುಪಾಲು ಬಿಡುತ್ತದೆ. ಲಿನನ್ ತಂಪು ನಿಜ, ಆದರೆ ಕಾರಿನಲ್ಲಿ ಕೂತು ಕಾರವಾರದಿಂದ ಅಂಕೋಲೆಗೆ ಹೋಗುವಷ್ಟರಲ್ಲಿ ಬೆನ್ನು ಮುದ್ದೆಯಾಗಿರುತ್ತದೆ.

ಬಟ್ಟೆಯ ತೂಕ ಕೇಳಿ. 58-60 ಇಂಚು ಅಗಲದ ಬಟ್ಟೆ ಮೀಟರಿಗೆ 220ರಿಂದ 270 ಗ್ರಾಂ ಇದ್ದರೆ ಘಟ್ಟದ ಕೆಳಗೆ ಸರಿ. ಸಿರ್ಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ, ಸಿದ್ದಾಪುರ ಯಲ್ಲಾಪುರದಲ್ಲಿ ಡಿಸೆಂಬರ್-ಜನವರಿಯ ಸಂಜೆಗೆ 280ರಿಂದ 320 ಗ್ರಾಂ ಹಿತವಾಗಿರುತ್ತದೆ, ನಿಲುವೂ ಚೆನ್ನಾಗಿ ಬರುತ್ತದೆ. ಎರಡೂ ಕಡೆ ಓಡಾಡುವವರು ತೆಳುವಾದದ್ದನ್ನೇ ಆರಿಸಲಿ. ಚಳಿಗೆ ಒಳಗೊಂದು ಬನಿಯನ್ ಸೇರಿಸಬಹುದು, ಸೆಕೆಗೆ ಬಟ್ಟೆಯನ್ನು ತೆಳು ಮಾಡಲಾಗದು.

ಅಂಚಿನಲ್ಲಿ ‘ಸೂಪರ್ 100’, ‘ಸೂಪರ್ 120’ ಎಂದು ಬರೆದಿರುತ್ತದೆ. ಅದು ಎಳೆಯ ನಯಕ್ಕೆ ಸಂಬಂಧಿಸಿದ್ದು: ಸೂಪರ್ 100ರ ಉಣ್ಣೆ ಎಳೆ 18.75 ಮೈಕ್ರಾನ್‌ಗಿಂತ ದಪ್ಪ ಇರಬಾರದು, 120ರದ್ದು 17.75 (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಅಂಕಿ ಏರಿದಂತೆ ಬಟ್ಟೆ ನಯ, ಬೆಲೆ ಹೆಚ್ಚು, ಬಾಳಿಕೆ ಕಡಿಮೆ, ಸುಕ್ಕು ಜಾಸ್ತಿ. ಸೂಪರ್ 100 ನಮಗೆ ಧಾರಾಳ ಸಾಕು.

ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಿ. ಬಟ್ಟೆಯ ಮೂಲೆಯನ್ನು ಹತ್ತು ಸೆಕೆಂಡ್ ಮುಷ್ಟಿಯಲ್ಲಿ ಹಿಸುಕಿ ಬಿಡಿ, ಗೆರೆ ಬೇಗ ಮಾಯವಾಗಬೇಕು. ಒಂದು ಪದರವನ್ನು ಬಾಯಿಗೆ ಹಿಡಿದು ಊದಿದರೆ ಆಚೆ ಕೈಗೆ ಗಾಳಿ ತಾಗಬೇಕು. ಅಂಗಡಿಯವರು ಒಪ್ಪಿದರೆ ಅಂಚಿನ ಒಂದು ಎಳೆ ಕಿತ್ತು ಹೊರಗೆ ಹೋಗಿ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ಕೋಟು, ಪ್ಯಾಂಟಿಗೆ ಮಧ್ಯಮ ಮೈಕಟ್ಟಿನವರಿಗೆ 3.25 ಮೀಟರ್ ಬೇಕು. ಆರಡಿ ದಾಟಿದವರಿಗೆ ಅಥವಾ ಎದೆ 44 ಇಂಚು ಮೀರಿದವರಿಗೆ 3.5. ವೇಸ್ಟ್‌ಕೋಟ್ ಬೇಕಿದ್ದರೆ ಇನ್ನೂ ಮುಕ್ಕಾಲು ಮೀಟರ್. ಚೌಕಳಿ ಬಟ್ಟೆಯಾದರೆ ಗೆರೆ ಕೂಡಿಸಲು ಕಾಲು ಮೀಟರ್ ಹೆಚ್ಚಿಗೆ ತನ್ನಿ.

ಕಣ್ಣಿಗೆ ಕಾಣದ ಒಳಗಟ್ಟು

ನಮ್ಮ ಹವೆಯಲ್ಲಿ ಕೋಟು ಕೆಡುವುದು ಹೆಚ್ಚಾಗಿ ಇಲ್ಲೇ. ಎದೆಭಾಗ ನೆಟ್ಟಗೆ ನಿಲ್ಲಲು ಹೊರಬಟ್ಟೆಗೂ ಅಸ್ತರಿಗೂ ನಡುವೆ ಇನ್ನೊಂದು ಪದರ ಕೂಡಿಸುತ್ತಾರೆ. ಅದನ್ನು ಅಂಟಿನಿಂದ ಒತ್ತಿ ಕೂಡಿಸಿದರೆ ಫ್ಯೂಸಿಂಗ್, ದಾರದಿಂದ ಹೊಲಿದರೆ ಕ್ಯಾನ್ವಾಸ್. ತೇವ, ಹಬೆ ಇಸ್ತ್ರಿ, ಡ್ರೈಕ್ಲೀನಿಂಗ್ ಈ ಮೂರೂ ಸೇರಿ ಅಂಟನ್ನು ಬಿಡಿಸುತ್ತವೆ. ಆಗ ಎದೆಯ ಮೇಲೆ ಹಪ್ಪಳದ ಗುಳ್ಳೆಗಳ ಹಾಗೆ ಬಟ್ಟೆ ಉಬ್ಬುತ್ತದೆ. ಒಮ್ಮೆ ಉಬ್ಬಿದ್ದು ಮತ್ತೆ ಸರಿಯಾಗಿ ಕೂರುವುದಿಲ್ಲ.

ಕಂಡುಹಿಡಿಯುವುದು ಸುಲಭ. ಕೆಳಗಿನ ಗುಂಡಿಯ ಪಕ್ಕದಲ್ಲಿ ಹೊರಬಟ್ಟೆಯನ್ನೂ ಅಸ್ತರನ್ನೂ ಎರಡು ಕೈಯಲ್ಲಿ ಹಿಡಿದು ಬೇರೆಬೇರೆ ಎಳೆಯಿರಿ. ನಡುವೆ ಮೂರನೇ ಪದರ ಸಡಿಲವಾಗಿ ಕೈಗೆ ಸಿಕ್ಕರೆ ಪೂರ್ತಿ ಕ್ಯಾನ್ವಾಸ್. ಅಲ್ಲಿ ಸಿಗದೆ ಎದೆಯ ಹತ್ತಿರ ಮಾತ್ರ ಸಿಕ್ಕರೆ ಅರ್ಧ ಕ್ಯಾನ್ವಾಸ್. ಹತ್ತಾರು ಸಲ ಹಾಕುವ ಸೂಟಿಗೆ ಅರ್ಧ ಕ್ಯಾನ್ವಾಸ್ ಆದರೂ ಇರಲಿ. ಒಂದೆರಡು ಸಮಾರಂಭಕ್ಕೆ ಮಾತ್ರವಾದರೆ ಒಳ್ಳೆಯ ಫ್ಯೂಸಿಂಗ್ ಸಾಕು.

ಅಸ್ತರು ಪಾಲಿಯೆಸ್ಟರಿನದಾದರೆ ಹೊರಗೆ ಎಂಥ ಉಣ್ಣೆ ಇದ್ದೂ ಪ್ರಯೋಜನವಿಲ್ಲ. ವಿಸ್ಕೋಸ್ ಅಥವಾ ಬೆಂಬರ್ಗ್ (ಹತ್ತಿಯ ನಾರಿನಿಂದ ಮಾಡಿದ, ರೇಷ್ಮೆಯಂತೆ ನಯವಾದ ಬಟ್ಟೆ) ಅಸ್ತರು ಕೇಳಿ. ಕರಾವಳಿಗೆ ಅರ್ಧ ಅಸ್ತರು ಉತ್ತಮ: ಬೆನ್ನಿನ ಕೆಳಭಾಗ ಖಾಲಿ, ಭುಜ ಮತ್ತು ತೋಳಿಗೆ ಮಾತ್ರ. ತೋಳಿನ ಅಸ್ತರು ಬಿಡಬೇಡಿ, ಅದಿಲ್ಲದಿದ್ದರೆ ಬೆವರಿದ ಶರ್ಟಿನ ಮೇಲೆ ಕೋಟು ಜಾರದೆ ಹಿಡಿಯುತ್ತದೆ. ಬೆನ್ನಿನ ಒಳಹೊಲಿಗೆ ಹೊರಗೆ ಕಾಣುವುದರಿಂದ ಅಂಚುಗಳಿಗೆ ಪಟ್ಟಿ ಕಟ್ಟಿಸಬೇಕು. ಸಮುದ್ರದ ಉಪ್ಪುಗಾಳಿಗೆ ಲೋಹದ ಗುಂಡಿ ಕಿಲುಬು ಹಿಡಿಯುತ್ತದೆ, ಕೊಂಬಿನ ಅಥವಾ ದಪ್ಪ ಪ್ಲಾಸ್ಟಿಕ್ ಗುಂಡಿ ಹಾಕಿಸಿ.

ಅಳತೆ

ಭುಜ ತಪ್ಪಿದರೆ ಕೋಟನ್ನು ಅಲ್ಲೇ ಬಿಟ್ಟು ಬನ್ನಿ. ತೋಳಿನ ಉದ್ದ, ಸೊಂಟ, ಪ್ಯಾಂಟಿನ ಕೆಳಮಡಿಕೆ ಎಲ್ಲವನ್ನೂ ಟೇಲರ್ ತಿದ್ದಬಲ್ಲರು. ಭುಜ ತಿದ್ದಬೇಕೆಂದರೆ ತೋಳು ಕಿತ್ತು, ಕಾಲರ್ ಬಿಚ್ಚಿ ಮತ್ತೆ ಕೂರಿಸಬೇಕು, ಅಷ್ಟು ಮಾಡಿದರೂ ಕೂರುವ ಖಾತ್ರಿಯಿಲ್ಲ. ಗೋಡೆಗೆ ಪಕ್ಕವಾಗಿ ನಿಂತು ನಿಧಾನ ಒರಗಿ ನೋಡಿ. ತೋಳಿಗಿಂತ ಮೊದಲು ಕೋಟಿನ ಪ್ಯಾಡ್ ಗೋಡೆಗೆ ತಾಗಿದರೆ ಭುಜ ದೊಡ್ಡದು.

ಮೇಲಿನ ಗುಂಡಿ ಹಾಕಿದಾಗ ಹೊಟ್ಟೆಯ ಮೇಲೆ ಎಕ್ಸ್ ಆಕಾರದ ಗೆರೆ ಬಿದ್ದರೆ ಬಿಗಿಯಾಗಿದೆ. ಕತ್ತಿನ ಹಿಂದೆ ಕೋಟಿನ ಕಾಲರ್ ಶರ್ಟಿಗೆ ಅಂಟಿಯೇ ಇರಬೇಕು, ಶರ್ಟಿನ ಕಾಲರ್ ಅರ್ಧ ಇಂಚು ಮೇಲೆ ಕಾಣಬೇಕು. ತೋಳಿನ ತುದಿಯಲ್ಲಿ ಶರ್ಟು ಕಾಲು ಇಂಚಿನಿಂದ ಅರ್ಧ ಇಂಚು ಹೊರಗೆ ಕಾಣಬೇಕು. ಕೋಟಿನ ಉದ್ದ ಕುಂಡೆ ಮುಚ್ಚುವಷ್ಟು. ಎರಡು ಗುಂಡಿಯ ಕೋಟಿನಲ್ಲಿ ಕೆಳಗಿನದನ್ನು ಎಂದೂ ಹಾಕಬೇಡಿ, ಅದನ್ನು ಹಾಕುವುದಿಲ್ಲ ಎಂದುಕೊಂಡೇ ಕತ್ತರಿಸಿರುತ್ತಾರೆ.

ಪ್ಯಾಂಟಿನ ಹಿಂಬದಿ ಹೊಲಿಗೆಯಲ್ಲಿ ಒಂದೂವರೆ ಇಂಚು, ಕೋಟಿನ ಪಕ್ಕಗಳಲ್ಲಿ ಒಂದು ಇಂಚು ಬಟ್ಟೆ ಒಳಗೆ ಬಿಡಲು ಕತ್ತರಿಸುವ ಮೊದಲೇ ಹೇಳಿ. ಮದುವೆಯಾದ ಮೂರು ವರ್ಷಕ್ಕೆ ಅದು ಬೇಕಾಗುತ್ತದೆ.

ಯಾವ ಸಂದರ್ಭಕ್ಕೆ ಯಾವುದು

ಆರತಕ್ಷತೆಯ ವರನಿಗೆ ಗಾಢ ನೇವಿ ಬ್ಲೂ. ಕೃತಕ ಬೆಳಕಿನಲ್ಲಿ ಕಪ್ಪಿನ ಮಡಿಕೆ, ಹೊಲಿಗೆ ಯಾವುದೂ ಕಾಣದೆ ಫೋಟೋದಲ್ಲಿ ಒಂದೇ ಮುದ್ದೆಯಾಗುತ್ತದೆ, ನೇವಿ ತನ್ನ ಆಕಾರ ಉಳಿಸಿಕೊಳ್ಳುತ್ತದೆ. ತಿಳಿಬೂದು ಬಣ್ಣದಲ್ಲಿ ಬೆವರಿನ ಕಲೆ ಬೇಗ ಎದ್ದು ಕಾಣುತ್ತದೆ. ತೀರ ಸಣ್ಣ ಗೆರೆ, ಚೌಕಳಿ ವಿಡಿಯೋದಲ್ಲಿ ಅಲೆಯಾಡುತ್ತವೆ. ವಧುವಿನ ಸೀರೆ ಅಥವಾ ಲೆಹಂಗದ ಬಣ್ಣವನ್ನು ಟೈಯಲ್ಲೋ ಜೇಬಿನ ಕರವಸ್ತ್ರದಲ್ಲೋ ತಂದರೆ ಸಾಕು.

ಚರ್ಚಿನ ಮದುವೆಗೆ ಮೂರು ತುಂಡಿನ ಸೂಟ್ ಕೇಳುವವರು ಹೆಚ್ಚು. ವೇಸ್ಟ್‌ಕೋಟಿನ ಬೆನ್ನಿಗೆ ಅಸ್ತರಿನ ಬಟ್ಟೆ ಮಾತ್ರ ಹಾಕಿಸಿ, ಕೋಟಿನ ಬೆನ್ನು ಅಸ್ತರಿಲ್ಲದೆ ಇರಲಿ. ಇಲ್ಲವಾದರೆ ಬೆನ್ನ ಮೇಲೆ ಶರ್ಟು ಬಿಟ್ಟು ನಾಲ್ಕು ಪದರ ಕೂರುತ್ತವೆ.

ಘಟ್ಟದ ಮೇಲಿನ ಮನೆ ಮದುವೆಗಳಲ್ಲಿ ಮುಹೂರ್ತಕ್ಕೆ ಪಂಚೆ, ಶಲ್ಯವೇ ಸರಿ. ಸೂಟಿನ ಸರದಿ ಸಂಜೆಗೆ. ಚಪ್ಪರದಲ್ಲಿ ಪಂಕ್ತಿಗೆ ನೆಲದ ಮೇಲೆ ಕೂರುವುದಿದ್ದರೆ ಪ್ಯಾಂಟಿಗೆ ಮುಂದೆ ಒಂದೊಂದು ಪ್ಲೀಟ್, ತೊಡೆಯಲ್ಲಿ ಮೈಯಳತೆಗಿಂತ ಕನಿಷ್ಠ ಮೂರು ಇಂಚು ಸಡಿಲ ಇರಲಿ. ಈಗಿನ ಬಿಗಿ ಪ್ಯಾಂಟುಗಳ ಹಿಂಬದಿ ಹೊಲಿಗೆ ಬಿಡುವುದು ಚಕ್ಕಳಮಕ್ಕಳ ಹಾಕುವಾಗಲೇ. ಅತಿಥಿಯಾಗಿ ಹೋಗುವವರಿಗೆ ಕತ್ತಿನವರೆಗೆ ಗುಂಡಿ ಹಾಕುವ ಕೋಟು, ಅಂದರೆ ಬಂದ್‌ಗಲಾ ಬಹಳ ಒಳ್ಳೆಯ ಆಯ್ಕೆ: ಟೈ ಬೇಡ, ಗೌರವಕ್ಕೂ ಕಡಿಮೆಯಿಲ್ಲ.

ಸಂದರ್ಶನಕ್ಕೆ ಗಾಢ ಬೂದು ಅಥವಾ ನೇವಿ, ಹೊಳಪಿಲ್ಲದ್ದು, ಬಿಳಿ ಶರ್ಟು. ರೆಡಿಮೇಡ್ ಸಾಕು, ಉಳಿದ ಹಣವನ್ನು ಆಲ್ಟರೇಷನ್‌ಗೂ ಚರ್ಮದ ಬೂಟಿಗೂ ಹಾಕಿ. ಕಾರವಾರದ ನೌಕಾನೆಲೆಯ ಸಂಜೆ ಕಾರ್ಯಕ್ರಮದ ಆಮಂತ್ರಣದಲ್ಲಿ ‘ಲೌಂಜ್ ಸೂಟ್’ ಎಂದಿದ್ದರೆ ಟೈ ಸಹಿತ ಗಾಢ ಬಣ್ಣದ ಸಾಮಾನ್ಯ ಸೂಟ್ ಎಂದರ್ಥ. ಕಡಲತೀರದ ಹಗಲು ಸಮಾರಂಭಕ್ಕೆ ಮಾತ್ರ ಲಿನನ್ ಬ್ಲೇಜರ್ ಧೈರ್ಯವಾಗಿ ಹಾಕಿ, ಅಲ್ಲಿ ಸುಕ್ಕೂ ಚೆಂದ.

ಯಾವಾಗ ಹೊಲಿಸಬೇಕು, ಮಳೆಗಾಲದಲ್ಲಿ ಹೇಗಿಡಬೇಕು

ತುಳಸಿ ಮದುವೆ ಮುಗಿದದ್ದೇ ಟೇಲರುಗಳಿಗೆ ಬಿಡುವಿರುವುದಿಲ್ಲ. ಆರು ವಾರ ಮೊದಲೇ ಬಟ್ಟೆ ಕೊಡಿ, ಎರಡು ಟ್ರಯಲ್ ಕೇಳಿ. ಮೊದಲನೆಯದು ಕಚ್ಚಾ ಹೊಲಿಗೆಯಲ್ಲೇ ಆಗಬೇಕು, ಗುಂಡಿ ಕಾಜು ಮುಗಿದ ಮೇಲೆ ಅಲ್ಲ. ಸಮಾರಂಭಕ್ಕೆ ಹಾಕುವ ಶರ್ಟು, ಬೂಟು ಹಾಕಿಕೊಂಡೇ ಹೋಗಿ.

ಹಾಕಿದ ಸೂಟನ್ನು ಅದೇ ರಾತ್ರಿ ಕಪಾಟಿಗೆ ಸೇರಿಸಬೇಡಿ. ಅಗಲ ಭುಜದ ಮರದ ಹ್ಯಾಂಗರಿಗೆ ಹಾಕಿ ಫ್ಯಾನಿನ ಗಾಳಿಗೆ ಬಿಡಿ. ಮೇ ಕೊನೆಯೊಳಗೆ ಒಮ್ಮೆ ಡ್ರೈಕ್ಲೀನ್ ಆಗಲಿ, ಬೆವರು ಮತ್ತು ಎಣ್ಣೆಯ ಕಲೆ ಉಳಿದ ಕಡೆಯೇ ಬೂಷ್ಟು ಮತ್ತು ನುಸಿ ಮೊದಲು ಹಿಡಿಯುವುದು. ಅಂಗಡಿಯವರು ಹಾಕಿಕೊಟ್ಟ ಪಾಲಿಥಿನ್ ತೆಗೆದು ಹತ್ತಿ ಬಟ್ಟೆಯ ಹೊದಿಕೆ ಹಾಕಿ. ಡಾಂಬರು ಗುಳಿಗೆ ಇಡುವುದಾದರೆ ಬಟ್ಟೆಗೆ ತಾಗದ ಹಾಗೆ ಪೊಟ್ಟಣ ಕಟ್ಟಿ. ಜುಲೈ, ಆಗಸ್ಟಿನಲ್ಲಿ ಹೊಳವಾದ ದಿನ ಹೊರಗೆ ತೆಗೆದು ನೆರಳಿನಲ್ಲಿ ಗಾಳಿಗೆ ಹಾಕಿ. ಕಾಲರಿನ ಹಿಂಬದಿ, ಕಂಕುಳು, ಜೇಬಿನ ಒಳಗು ನೋಡಿ, ಬಿಳಿ ಬೂಷ್ಟು ಕಂಡರೆ ಪೂರ್ತಿ ಒಣಗಿಸಿದ ಮೇಲೆ ಮನೆಯ ಹೊರಗೆ ಒಯ್ದು ಮೃದು ಬ್ರಷ್‌ನಿಂದ ಝಾಡಿಸಿ. ಒದ್ದೆ ಬಟ್ಟೆಯಿಂದ ಉಜ್ಜಿದರೆ ಅದು ಎಳೆಗಳ ಒಳಗೆ ಇಳಿದು ಕಲೆ ಕಾಯಂ ಆಗುತ್ತದೆ.