ಹೊಸ ಲ್ಯಾಪ್‌ಟಾಪ್‌ಗೆಂದು ಹೊರಟವನು ಸ್ಕ್ರೂಡ್ರೈವರ್ ಹಿಡಿದೆ

ನನ್ನ ಗೇಮಿಂಗ್ ಲ್ಯಾಪ್‌ಟಾಪ್ 2020ರ ಕೊನೆಯಲ್ಲಿ ಕೊಂಡದ್ದು. ರೈಜನ್ 5 4600ಎಚ್ ಪ್ರೊಸೆಸರ್, 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್, 8 ಜಿಬಿ ರ‍್ಯಾಮ್. 2025ರ ಜನವರಿಯಲ್ಲಿ ಎನ್‌ವಿಡಿಯಾ ಆರ್‌ಟಿಎಕ್ಸ್ 50 ಸರಣಿಯ ಹೊಸ ಗ್ರಾಫಿಕ್ಸ್ ಚಿಪ್‌ಗಳನ್ನು ಪ್ರಕಟಿಸಿದ್ದೇ ತಡ, ನನ್ನದು ಒಂದೇ ರಾತ್ರಿಯಲ್ಲಿ ಮುದಿಯಾಗಿ ಕಂಡಿತು. ಅದರ ಕಾಟವೂ ಕಡಿಮೆಯಿರಲಿಲ್ಲ ಬಿಡಿ. ಆಟ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಫ್ಯಾನ್ ಮಿಕ್ಸಿಯಂತೆ ಅರಚುತ್ತಿತ್ತು, ಪರದೆ ತಡವರಿಸುತ್ತಿತ್ತು.

ಮಾರ್ಚ್‌ನ ಒಂದು ಶನಿವಾರ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯವರು ಆರ್‌ಟಿಎಕ್ಸ್ 4060 ಇರುವ ತೆಳ್ಳನೆಯ ಲ್ಯಾಪ್‌ಟಾಪೊಂದನ್ನು ಮುಂದಿಟ್ಟರು. ‘ಗ್ರಾಫಿಕ್ಸ್‌ಗೆ ಎಷ್ಟು ವ್ಯಾಟ್ ಕೊಟ್ಟಿದ್ದಾರೆ?’ ಎಂದೆ. ‘4060 ಎಂದರೆ 4060, ಸರ್’ ಎಂದರು. ಹಾಗಲ್ಲ. ಲ್ಯಾಪ್‌ಟಾಪ್‌ನ 4060ಕ್ಕೆ 35ರಿಂದ 115 ವ್ಯಾಟ್‌ವರೆಗೆ ಎಷ್ಟು ಕೊಡಬೇಕೆಂಬುದು ತಯಾರಕರಿಗೆ ಬಿಟ್ಟದ್ದು. ಹೆಸರು ಒಂದೇ ಆದರೂ ಓಟ ಬೇರೆ. ಅದೂ ಅಲ್ಲದೆ ಈ ಚಿಪ್ ಮದರ್‌ಬೋರ್ಡಿಗೆ ಬೆಸೆದುಕೊಂಡೇ ಬರುತ್ತದೆ. ಅಲ್ಲಿ ಎಡವಿದರೆ ಐದು ವರ್ಷ ಅನುಭವಿಸಬೇಕು. ಬರಿಗೈಯಲ್ಲಿ ವಾಪಸಾದೆ.

ಅಂದು ರಾತ್ರಿ ಮೊದಲ ಬಾರಿಗೆ ಅಳತೆ ತೆಗೆದೆ. ತಾಪಮಾನ ತೋರಿಸುವ ಉಚಿತ ತಂತ್ರಾಂಶವನ್ನು ತೆರೆದಿಟ್ಟು ಅರ್ಧ ಗಂಟೆ ಆಡಿದೆ. ಪ್ರೊಸೆಸರ್ 97 ಡಿಗ್ರಿ ಮುಟ್ಟಿ, 4 ಗಿಗಾಹರ್ಟ್ಸ್ ಓಡಬೇಕಾದದ್ದು 2.8ಕ್ಕೆ ಕುಸಿದಿತ್ತು. ರ‍್ಯಾಮ್ ಬಹುತೇಕ ತುಂಬಿತ್ತು. ನಾನು ಇಷ್ಟು ದಿನ ಬೈಯುತ್ತಿದ್ದ ಗ್ರಾಫಿಕ್ಸ್ ಚಿಪ್ ಮಾತ್ರ ಅವೆರಡನ್ನೂ ಕಾಯುತ್ತ ಪದೇಪದೇ ಕೆಲಸವಿಲ್ಲದೆ ಕೂತಿತ್ತು!

ಭಾನುವಾರ ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಲ್ಯಾಪ್‌ಟಾಪನ್ನು ಬೋರಲು ಹಾಕಿದೆ. ಹನ್ನೊಂದು ಸ್ಕ್ರೂ. ಅವುಗಳಲ್ಲಿ ಮುಂದಿನ ಎರಡು ಗಿಡ್ಡವೆಂದು ಗೊತ್ತಾಗದೆ, ಜೋಡಿಸುವಾಗ ಅಲ್ಲಿ ಉದ್ದನೆಯದನ್ನು ತಿರುಗಿಸಿದೆ. ಟಚ್‌ಪ್ಯಾಡ್‌ನ ಬಳಿ ಈಗಲೂ ಒಂದು ಸಣ್ಣ ಗುಬುಟು ಇದೆ. ಫ್ಯಾನ್‌ಗೂ ತಾಮ್ರದ ಕೊಳವೆಯ ತುದಿಯ ರೆಕ್ಕೆಗಳಿಗೂ ನಡುವೆ ದೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಚಿಮಟದಲ್ಲಿ ಎಳೆದರೆ ಇಡಿಯಾಗಿ ಬಂತು. ಚಿಪ್‌ನ ಬಿಸಿಯನ್ನು ಆ ಕೊಳವೆಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ ಸುಣ್ಣದಂತೆ ಉದುರಿತು. ಅದನ್ನು ಒರೆಸಿ ಹೊಸದು ಹಚ್ಚಿದೆ, ಖಾಲಿಯಿದ್ದ ಎರಡನೆಯ ಸ್ಲಾಟಿಗೆ 8 ಜಿಬಿ ರ‍್ಯಾಮ್ ಸಿಕ್ಕಿಸಿದೆ. ಎರಡು ಕಡ್ಡಿಗಳಿದ್ದರೆ ಪ್ರೊಸೆಸರ್‌ಗೆ ಮೆಮೊರಿಯ ದಾರಿಯೂ ಇಮ್ಮಡಿ ಅಗಲವಾಗುತ್ತದೆ. ಒಟ್ಟು ಖರ್ಚು ಮೂರು ಸಾವಿರದೊಳಗೆ. ಬಿಸಿ 84 ಡಿಗ್ರಿಗೆ ಇಳಿಯಿತು, ತಡವರಿಕೆ ನಿಂತಿತು. ಖರೀದಿಯನ್ನು ಮುಂದೂಡಿದೆ.

ಆಮೇಲೆ ಕಾಯುವುದೇ ಚಟವಾಯಿತು. ಜಿಎಸ್‌ಟಿ ಇಳಿಯುತ್ತದೆ, ತಡೆದುಕೋ ಎಂದ ಗೆಳೆಯನ ಮಾತಿಗೆ ಸೆಪ್ಟೆಂಬರ್ 22ರವರೆಗೆ ತಡೆದುಕೊಂಡೆ. ದೊಡ್ಡ ಟಿವಿ, ಎಸಿಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. ಲ್ಯಾಪ್‌ಟಾಪ್ ಮೊದಲಿನಿಂದಲೂ ಶೇ 18ರಲ್ಲೇ ಇತ್ತು! ಇಬ್ಬರೂ ಅದನ್ನು ನೋಡಿರಲಿಲ್ಲ. ವರ್ಷದ ಕೊನೆಗೆ ಎಐ ದತ್ತಾಂಶ ಕೇಂದ್ರಗಳ ಹಸಿವಿನಿಂದ ಮೆಮೊರಿ ಬೆಲೆ ಜಗತ್ತಿನಾದ್ಯಂತ ಏರಿತು. ಮಾರ್ಚ್‌ನಲ್ಲಿ ಕೊಂಡ ಅದೇ ರ‍್ಯಾಮ್‌ಗೆ ಅಂಗಡಿಯವರು ದುಪ್ಪಟ್ಟಿಗಿಂತ ಹೆಚ್ಚು ಹೇಳಿದರು. ಯಂತ್ರದ ವಿಷಯದಲ್ಲಿ ನನ್ನ ಲೆಕ್ಕ ಸರಿಯಿತ್ತು, ಮಾರುಕಟ್ಟೆಯ ವಿಷಯದಲ್ಲಿ ಕೈಕೊಟ್ಟಿತು.

ಈಗ ತಾರೀಖು ನೋಡಿ ಕಾಯುತ್ತಿಲ್ಲ, ಆಟ ನೋಡಿ ಕಾಯುತ್ತಿದ್ದೇನೆ. 2025ರ ಮೇ ತಿಂಗಳಲ್ಲಿ ಬಂದ ‘ಡೂಮ್: ದಿ ಡಾರ್ಕ್ ಏಜಸ್’ಗೆ ರೇ ಟ್ರೇಸಿಂಗ್ ಯಂತ್ರಾಂಶ, ಅಂದರೆ ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕಹಾಕುವ ಭಾಗ, ಗ್ರಾಫಿಕ್ಸ್ ಚಿಪ್‌ನಲ್ಲಿ ಕಡ್ಡಾಯ, 1650ರಲ್ಲಿ ಅದಿಲ್ಲ, ಯಾವ ಪೇಸ್ಟ್ ಹಚ್ಚಿದರೂ ಬರುವುದಿಲ್ಲ. ನಾನು ನಿಜಕ್ಕೂ ಆಡಬೇಕೆನ್ನುವ ಇಂಥ ಆಟಗಳು ಮೂರಾದ ದಿನ ಕೊಳ್ಳುತ್ತೇನೆ. ಸದ್ಯಕ್ಕೆ ಎರಡಾಗಿವೆ. ಅಷ್ಟರೊಳಗೆ ಎಡಗಡೆಯ ಕೀಲು ಮುರಿದರೆ ಬೇರೆ ಮಾತು. ಪರದೆ ಎತ್ತುವಾಗ ಅದು ಮೊನ್ನೆಯಿಂದ ಕಿರುಗುಟ್ಟುತ್ತಿದೆ.